ಊರಿನ ಉಚಿತ ಕ್ಯಾನ್ಸರ್ ತರಗತಿ: ಹೋದರೆ ಏನು ಸಿಗುತ್ತದೆ? ಯಾವುದನ್ನು ನಂಬಬಾರದು?

ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ನವೆಂಬರ್ 7 ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನ. ಈ ಎರಡು ದಿನಗಳ ಆಸುಪಾಸಿನಲ್ಲಿ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು, "ಭಾನುವಾರ ಸಮುದಾಯ ಭವನದಲ್ಲಿ ಉಚಿತ ಕ್ಯಾನ್ಸರ್ ಜಾಗೃತಿ ತರಗತಿ ಮತ್ತು ತಪಾಸಣೆ, ಎಲ್ಲರೂ ಬನ್ನಿ" ಎನ್ನುವುದು. ಇನ್ನೊಂದು, "ಈ ಕಷಾಯ ಕುಡಿದರೆ ಕ್ಯಾನ್ಸರ್ ಮಾಯ, ಕನಿಷ್ಠ ಹತ್ತು ಜನರಿಗೆ ಕಳಿಸಿ" ಎನ್ನುವುದು. ಎರಡನೆಯದು ಹೆಚ್ಚು ಫಾರ್ವರ್ಡ್ ಆಗುತ್ತದೆ. ಮೊದಲನೆಯದಕ್ಕೆ "ನನಗೇನೂ ಇಲ್ಲವಲ್ಲ, ನಾನೇಕೆ ಹೋಗಲಿ?" ಎಂಬ ಉತ್ತರ ಸಿಗುತ್ತದೆ.

ಇಂಥ ತರಗತಿಗಳಿಂದ ನಿಜಕ್ಕೂ ಉಪಯೋಗವಿದೆಯೇ? ಅಲ್ಲಿ ಏನು ಕಲಿಸುತ್ತಾರೆ? ಮನೆಯಲ್ಲಿ ಈಗಾಗಲೇ ಕ್ಯಾನ್ಸರ್ ರೋಗಿ ಇದ್ದರೆ ಅವರಿಗೇನು ಪ್ರಯೋಜನ? "ಉಚಿತ" ಎಂಬ ಬೋರ್ಡಿನ ಹಿಂದೆ ವ್ಯಾಪಾರ ನಡೆಯುತ್ತಿದ್ದರೆ ಗುರುತಿಸುವುದು ಹೇಗೆ? ಒಂದೊಂದಾಗಿ ನೋಡೋಣ.

ಸಾರಾಂಶ

• ಒಳ್ಳೆಯ ತರಗತಿ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಲಕ್ಷಣ ಕಂಡ ದಿನಕ್ಕೂ ಆಸ್ಪತ್ರೆಗೆ ಹೋಗುವ ದಿನಕ್ಕೂ ನಡುವಿನ ವಿಳಂಬವನ್ನು ಅದು ಕಡಿಮೆ ಮಾಡುತ್ತದೆ.
• ಮಾತಿನ ಜೊತೆಗೆ ಪರೀಕ್ಷೆಯೂ ಸೇರಿದಾಗ ಸಾವು ಕಡಿಮೆಯಾಗಬಲ್ಲದು ಎಂಬುದಕ್ಕೆ ಭಾರತದಲ್ಲೇ ನಡೆದ ದೊಡ್ಡ ಅಧ್ಯಯನಗಳ ಆಧಾರವಿದೆ.
• 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ಮಾಡಿಸುವ ಕಾರ್ಯಕ್ರಮವಿದೆ.
• ತರಗತಿಯಲ್ಲಿ ಪುಡಿ, ಟಾನಿಕ್, "ಪ್ಯಾಕೇಜ್" ಮಾರಿದರೆ ಅದು ತರಗತಿಯಲ್ಲ, ಅಂಗಡಿ.

ಉಚಿತ ಕ್ಯಾನ್ಸರ್ ತರಗತಿ ಎಂದರೆ ಏನು? ಯಾರು ನಡೆಸುತ್ತಾರೆ?

ಇದು ಒಂದೆರಡು ಗಂಟೆಯ ಸಭೆ. ಅಂಗನವಾಡಿ, ಶಾಲೆ, ಪಂಚಾಯಿತಿ ಕಚೇರಿ, ಸ್ತ್ರೀಶಕ್ತಿ ಸಂಘದ ಸಭೆ, ಕಾರ್ಖಾನೆ, ಅಪಾರ್ಟ್‌ಮೆಂಟಿನ ಹಾಲ್, ಎಲ್ಲಿ ಬೇಕಾದರೂ ನಡೆಯಬಹುದು. ನಡೆಸುವವರಲ್ಲಿ ಸರ್ಕಾರಿ ಆರೋಗ್ಯ ಇಲಾಖೆಯ ಸಿಬ್ಬಂದಿ, ಕ್ಯಾನ್ಸರ್ ಆಸ್ಪತ್ರೆಗಳ ಸಮುದಾಯ ವಿಭಾಗ, ವೈದ್ಯಕೀಯ ಮತ್ತು ದಂತ ಕಾಲೇಜುಗಳು, ರೋಟರಿಯಂಥ ಸಂಸ್ಥೆಗಳು, ಚಿಕಿತ್ಸೆ ಮುಗಿಸಿದವರ ಗುಂಪುಗಳು ಇರುತ್ತವೆ. 1951ರಲ್ಲಿ ಸ್ಥಾಪನೆಯಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಇಂಥ ಜಾಗೃತಿ ಕೆಲಸದಲ್ಲಿ ಹಳೆಯ ಹೆಸರು. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ ಪ್ರಮುಖ ಕ್ಯಾನ್ಸರ್ ಆಸ್ಪತ್ರೆ.

ತರಗತಿಗಳು ಎರಡು ಬಗೆ. ಮೊದಲನೆಯದು ರೋಗವಿಲ್ಲದವರಿಗೆ: ತಡೆಯುವುದು ಹೇಗೆ, ಬೇಗ ಪತ್ತೆ ಹಚ್ಚುವುದು ಹೇಗೆ. ಎರಡನೆಯದು ರೋಗಿಗಳಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ: ಚಿಕಿತ್ಸೆಯ ಕಾಲವನ್ನು ದಾಟುವುದು ಹೇಗೆ, ನೋವು, ಊಟ, ಭಯ, ಹಣ ಇವನ್ನೆಲ್ಲ ನಿಭಾಯಿಸುವುದು ಹೇಗೆ.

ಇದು ಎಷ್ಟು ಜನರಿಗೆ ಸಂಬಂಧಿಸಿದ ವಿಷಯ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕದ 2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 14.1 ಲಕ್ಷ ಹೊಸ ಪ್ರಕರಣಗಳು, 9 ಲಕ್ಷಕ್ಕೂ ಹೆಚ್ಚು ಸಾವು. ಇದರಲ್ಲಿ ಮೊದಲ ಮೂರು ಸ್ಥಾನ ಸ್ತನ ಕ್ಯಾನ್ಸರ್ (ಸುಮಾರು 1.92 ಲಕ್ಷ), ತುಟಿ ಮತ್ತು ಬಾಯಿ ಕ್ಯಾನ್ಸರ್ (ಸುಮಾರು 1.43 ಲಕ್ಷ) ಹಾಗೂ ಗರ್ಭಕಂಠದ ಕ್ಯಾನ್ಸರ್‌ಗೆ (ಸುಮಾರು 1.27 ಲಕ್ಷ) ಸೇರುತ್ತವೆ. ಈ ಮೂರನ್ನೂ ದೊಡ್ಡ ಯಂತ್ರಗಳಿಲ್ಲದೆ, ತರಬೇತಿ ಪಡೆದ ಕಣ್ಣು ಮತ್ತು ಕೈಗಳಿಂದಲೇ ಆರಂಭದಲ್ಲಿ ಗುರುತಿಸಲು ಸಾಧ್ಯ. ಊರಿನ ತರಗತಿಗಳು ಈ ಮೂರರ ಸುತ್ತಲೇ ನಡೆಯಲು ಕಾರಣ ಇದೇ.

ಬರೀ ಮಾತು ಕೇಳಿದರೆ ಸಾವು ತಪ್ಪುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ.

ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಬಾರ್ಶಿ ಎಂಬ ಊರಿದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ 1987ರಲ್ಲಿ ಶುರುವಾಗಿದ್ದು ಅಲ್ಲಿ. ಹಳ್ಳಿಗಳಲ್ಲಿ ಕ್ಯಾನ್ಸರ್ ರೋಗಿಗಳು ತಾವಾಗಿ ದೊಡ್ಡ ಆಸ್ಪತ್ರೆಗೆ ಬರುವುದು ಕಡಿಮೆ. ಹಾಗಾಗಿ ನೋಂದಣಿ ಸಿಬ್ಬಂದಿಯೇ ಹಳ್ಳಿ ಹಳ್ಳಿಗೆ ಹೋಗಿ ಜನರನ್ನು ಸೇರಿಸಿ, ಯಾವ ಲಕ್ಷಣಗಳನ್ನು ಕಡೆಗಣಿಸಬಾರದು ಎಂದು ತಿಳಿಹೇಳಿ, ಅನುಮಾನ ಬಂದವರನ್ನು ಪರೀಕ್ಷೆಗೆ ಒಪ್ಪಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಗುವ ಪ್ರಮಾಣ ಹೆಚ್ಚಿತು ಎಂದು 1995ರಲ್ಲಿ ಸಂಶೋಧಕರು ವರದಿ ಮಾಡಿದರು. ಹೊಸ ಔಷಧಿ ಬಂದಿರಲಿಲ್ಲ. ಬದಲಾಗಿದ್ದು ಜನ ಆಸ್ಪತ್ರೆಗೆ ಬರುವ ಸಮಯ.

ಮುಂದಿನ ಪ್ರಶ್ನೆ: ತಿಳಿವಳಿಕೆಯ ಜೊತೆ ಪರೀಕ್ಷೆಯನ್ನೂ ಮಾಡಿದರೆ?

ಮುಂಬೈ: ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳ ಸುಮಾರು 1.5 ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಎರಡೂ ಗುಂಪಿಗೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಕೊಡಲಾಯಿತು. ಒಂದು ಗುಂಪಿಗೆ ಮಾತ್ರ ಎರಡು ವರ್ಷಕ್ಕೊಮ್ಮೆ ಪರೀಕ್ಷೆಯನ್ನೂ ಮಾಡಲಾಯಿತು. ಪರೀಕ್ಷೆ ಮಾಡಿದವರು ವೈದ್ಯರಲ್ಲ, 10ನೇ ತರಗತಿ ಓದಿ ತರಬೇತಿ ಪಡೆದ ಮಹಿಳೆಯರು. ಪರೀಕ್ಷೆಯಾದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಆದ ಸಾವು ಶೇ. 31ರಷ್ಟು ಕಡಿಮೆಯಿತ್ತು. ಸ್ತನ ಕ್ಯಾನ್ಸರ್ ವಿಷಯದಲ್ಲಿ 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ 50 ವರ್ಷ ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ.

ತಿರುವನಂತಪುರ: ಸುಮಾರು 1.9 ಲಕ್ಷ ಜನರ ಮೇಲೆ ನಡೆದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಇಳಿಯಿತು. ಈ ಫಲಿತಾಂಶ ಪ್ರಕಟವಾಗಿದ್ದು 2005ರಲ್ಲಿ.

ಉಸ್ಮಾನಾಬಾದ್: ಬೀದರ್ ಮತ್ತು ಕಲಬುರಗಿಯ ನೆರೆಯ ಈ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಅಲ್ಲಿ 30ರಿಂದ 59 ವರ್ಷದ 1.3 ಲಕ್ಷ ಮಹಿಳೆಯರ ಅಧ್ಯಯನದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಇದು 2009ರ ವರದಿ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ತಿಳಿವಳಿಕೆ ಜನರನ್ನು ಬೇಗ ಕರೆತರುತ್ತದೆ, ಜೀವ ಉಳಿಸುವುದು ಅದರ ನಂತರದ ಪರೀಕ್ಷೆ ಮತ್ತು ಚಿಕಿತ್ಸೆ. ಆದ್ದರಿಂದ ಯಾವುದೇ ತರಗತಿಯಿಂದ ಹೊರಬರುವಾಗ ನಿಮ್ಮಲ್ಲಿ ಒಂದು ವಿಷಯ ಇರಲೇಬೇಕು: ಯಾವ ದಿನ, ಎಲ್ಲಿ, ಯಾರ ಬಳಿ ಪರೀಕ್ಷೆ ಎಂಬ ಮಾಹಿತಿ. ಅದು ಸಿಗದಿದ್ದರೆ ತರಗತಿ ಅರ್ಧಕ್ಕೇ ನಿಂತಂತೆ.

ತಡೆಗಟ್ಟುವುದರ ಬಗ್ಗೆ ಏನು ಕಲಿಸುತ್ತಾರೆ?

ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಲು ಸಾಧ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಉಳಿದವನ್ನು ಎಷ್ಟೇ ಎಚ್ಚರವಾಗಿದ್ದರೂ ತಡೆಯಲಾಗದು. "ಯಾವ ಚಟವೂ ಇಲ್ಲದ ಅವರಿಗೇ ಬಂತಲ್ಲ" ಎಂಬ ಮಾತಿಗೆ ಉತ್ತರ ಇದೇ. ತಡೆಯಬಹುದಾದ ಮುಖ್ಯ ಕಾರಣಗಳು ಇವು:

1. ತಂಬಾಕು. ಬೀಡಿ, ಸಿಗರೇಟು ಮಾತ್ರವಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಖೈನಿ ಎಲ್ಲವೂ. 2016–17ರ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

2. ಅಡಿಕೆ. "ನಾನು ತಂಬಾಕು ಹಾಕಲ್ಲ, ಬರೀ ಎಲೆ ಅಡಿಕೆ" ಎನ್ನುವವರು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಸಾವಿರಾರು ಕುಟುಂಬಗಳ ಅನ್ನ ಅದರಲ್ಲಿದೆ, ಪೂಜೆಗೂ ಮದುವೆಗೂ ಅದು ಬೇಕು. ಹಾಗಾಗಿ ಈ ಮಾತು ಕಹಿ ಅನ್ನಿಸುವುದು ಸಹಜ. ಆದರೆ ತಟ್ಟೆಯಲ್ಲಿ ಇಟ್ಟು ಕೊಡುವ ಅಡಿಕೆಯಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಅಪಾಯ ಇರುವುದು ದಿನವೂ, ವರ್ಷಗಟ್ಟಲೆ ದವಡೆಯಲ್ಲಿಟ್ಟು ಅಗಿಯುವುದರಲ್ಲಿ. ಖಾರ ತಿಂದರೆ ಬಾಯಿ ಉರಿಯುವುದು, ಬಾಯಿ ಅಗಲವಾಗಿ ತೆರೆಯಲಾಗದೆ ಹೋಗುವುದು ಇದರ ಮೊದಲ ಎಚ್ಚರಿಕೆ.

3. ಎಚ್‌ಪಿವಿ ವೈರಸ್. ಗರ್ಭಕಂಠದ ಕ್ಯಾನ್ಸರ್ ಬಹುತೇಕ ಎಲ್ಲ ಪ್ರಕರಣಗಳಲ್ಲೂ ಈ ವೈರಸ್‌ನಿಂದ ಬರುತ್ತದೆ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಹಾಕಿಸುವುದು ಅತ್ಯುತ್ತಮ. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು. ಈ ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ಫಾರ್ವರ್ಡ್ ಸುಳ್ಳು. ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ತಪಾಸಣೆ ಮಾಡಿಸಬೇಕು.

4. ಮದ್ಯ, ಅತಿಯಾದ ತೂಕ, ವ್ಯಾಯಾಮವಿಲ್ಲದ ದಿನಚರಿ. ತಂಬಾಕು ಮತ್ತು ಮದ್ಯ ಎರಡೂ ಸೇರಿದರೆ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಒಂದೊಂದರ ಅಪಾಯಕ್ಕಿಂತ ಬಹಳ ಹೆಚ್ಚು.

ಯಾವ ಲಕ್ಷಣ ಕಂಡರೆ ಕಾಯಬಾರದು?

• ಎರಡು ಮೂರು ವಾರವಾದರೂ ವಾಸಿಯಾಗದ ಬಾಯಿ ಹುಣ್ಣು. ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ
• ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು. ತೊಟ್ಟು ಒಳಸೇರುವುದು, ರಕ್ತ ಒಸರುವುದು. ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗುವುದು
• ಮುಟ್ಟು ನಿಂತ ಮೇಲೆ ರಕ್ತಸ್ರಾವ, ಎರಡು ಮುಟ್ಟಿನ ನಡುವೆ ಅಥವಾ ದಾಂಪತ್ಯ ಸಂಪರ್ಕದ ನಂತರ ರಕ್ತ ಕಾಣುವುದು, ದುರ್ವಾಸನೆಯ ಬಿಳಿಸೆರಗು
• ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಗೊಗ್ಗರು ದನಿ
• ನುಂಗಲು ಕಷ್ಟ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು

ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಸ್ತನದ ಗಂಟುಗಳಲ್ಲಿ ಬಹುಪಾಲು ಅಪಾಯವಿಲ್ಲದವು. ಆದರೆ "ನೋವಿಲ್ಲ, ಹಾಗಾಗಿ ಏನಿಲ್ಲ" ಎಂದು ನೀವೇ ತೀರ್ಮಾನಿಸಬೇಡಿ. ಆರಂಭದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ತಪಾಸಣೆಯಲ್ಲಿ ಏನು ಮಾಡುತ್ತಾರೆ? ನೋವಾಗುತ್ತದೆಯೇ?

ಬಹಳಷ್ಟು ಮಹಿಳೆಯರು ತರಗತಿಗೆ ಬಂದರೂ ಪರೀಕ್ಷೆಯ ಕೋಣೆಗೆ ಹೋಗುವುದಿಲ್ಲ. ನಾಚಿಕೆ ಒಂದು ಕಾರಣ, ಒಳಗೆ ಏನು ಮಾಡುತ್ತಾರೋ ಎಂಬ ಭಯ ಇನ್ನೊಂದು. ಆದ್ದರಿಂದ ಇದನ್ನು ಬಿಡಿಸಿ ಹೇಳುವುದು ಮುಖ್ಯ.

ಬಾಯಿ: ಟಾರ್ಚ್ ಬೆಳಕಿನಲ್ಲಿ ಕೆನ್ನೆಯ ಒಳಭಾಗ, ನಾಲಿಗೆ, ನಾಲಿಗೆಯ ಕೆಳಗೆ, ವಸಡು ನೋಡುತ್ತಾರೆ. ಕೆಲವೇ ನಿಮಿಷ ಸಾಕು.

ಸ್ತನ: ತರಬೇತಿ ಪಡೆದ ಮಹಿಳಾ ಸಿಬ್ಬಂದಿ ಮರೆಯಲ್ಲಿ, ಕೈಬೆರಳಿನಿಂದ ಎರಡೂ ಸ್ತನ ಮತ್ತು ಕಂಕುಳನ್ನು ಮುಟ್ಟಿ ನೋಡುತ್ತಾರೆ. ಅನುಮಾನ ಬಂದರೆ ಮಾತ್ರ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ.

ಗರ್ಭಕಂಠ: ವಿಐಎ ಎಂಬ ಪರೀಕ್ಷೆ. ಗರ್ಭಕಂಠಕ್ಕೆ ವಿನೆಗರ್‌ನಂಥ ತಿಳಿ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಕಿರಿಕಿರಿ ಆಗಬಹುದು, ಅರಿವಳಿಕೆ ಬೇಕಾಗುವುದಿಲ್ಲ. ಬೆಳ್ಳಗಾದರೆ ಕ್ಯಾನ್ಸರ್ ಬಂದೇಬಿಟ್ಟಿದೆ ಎಂದು ಅರ್ಥವಲ್ಲ. ಹೆಚ್ಚಿನ ಸಲ ಅದು ಕ್ಯಾನ್ಸರಿಗೂ ಮುಂಚಿನ ಹಂತ ಅಥವಾ ಬರೀ ಸೋಂಕು ಆಗಿರಬಹುದು. ಮುಂಚಿನ ಹಂತವನ್ನು ಸಣ್ಣ ಚಿಕಿತ್ಸೆಯಲ್ಲೇ ತೆಗೆದುಹಾಕಬಹುದು.

ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದವರಿಗೆ ಈ ತಪಾಸಣೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ಬಾಯಿ ತಪಾಸಣೆ ಗಂಡಸರಿಗೂ ಅನ್ವಯಿಸುತ್ತದೆ. ತರಗತಿಗೆ ಹೆಂಗಸರನ್ನು ಕಳಿಸಿ ತಾವು ಹೊರಗೆ ಬೈಕಿನ ಮೇಲೆ ಕಾಯುವ ಗಂಡಸರೇ ಒಳಗೆ ಬರಬೇಕಾದವರು.

ಒಂದು ಎಚ್ಚರಿಕೆ: ಶಿಬಿರದಲ್ಲಿ "ನಾರ್ಮಲ್" ಎಂದರೆ ದೇಹದಲ್ಲಿ ಎಲ್ಲೂ ಕ್ಯಾನ್ಸರ್ ಇಲ್ಲ ಎಂದಲ್ಲ. ಶ್ವಾಸಕೋಶ, ಹೊಟ್ಟೆ, ರಕ್ತದ ಕ್ಯಾನ್ಸರ್ ಇಲ್ಲಿ ಗೊತ್ತಾಗುವುದಿಲ್ಲ. ಮುಂದೆ ಯಾವ ಲಕ್ಷಣ ಕಂಡರೂ ಮತ್ತೆ ತೋರಿಸಬೇಕು.

ಮನೆಯಲ್ಲಿ ಈಗಾಗಲೇ ರೋಗಿ ಇದ್ದರೆ ತರಗತಿಯಿಂದ ಏನು ಉಪಯೋಗ?

ಆಸ್ಪತ್ರೆಯಲ್ಲಿ ವೈದ್ಯರ ಜೊತೆ ಸಿಗುವ ಸಮಯ ಕಡಿಮೆ. ಪ್ರಶ್ನೆಗಳು ಹುಟ್ಟುವುದು ಮನೆಗೆ ಬಂದ ಮೇಲೆ. ನಿಭಾಯಿಸುವ ತರಗತಿಗಳು ಆ ಖಾಲಿ ಜಾಗವನ್ನು ತುಂಬುತ್ತವೆ. ಅಲ್ಲಿ ಸಿಗುವ ಮುಖ್ಯ ಪಾಠಗಳು:

ಜ್ವರ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲೇ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬಾರದು. ಬಿಳಿ ರಕ್ತಕಣಗಳು ಕಡಿಮೆಯಾಗಿರುವ ಆ ದಿನಗಳಲ್ಲಿ ಸೋಂಕು ಗಂಟೆಗಳಲ್ಲೇ ಏರಬಹುದು. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ಊಟ. ಪಥ್ಯದ ಹೆಸರಿನಲ್ಲಿ ಮೊಟ್ಟೆ, ಹಾಲು, ಬೇಳೆ, ಮಾಂಸ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುವುದು ನಮ್ಮಲ್ಲಿ ಸಾಮಾನ್ಯ. ಚಿಕಿತ್ಸೆ ತಡೆದುಕೊಳ್ಳಲು ದೇಹಕ್ಕೆ ಪ್ರೋಟೀನ್ ಬೇಕು. ಚೆನ್ನಾಗಿ ಬೇಯಿಸಿದ, ಶುಚಿಯಾದ ಮನೆಯ ಊಟವನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಬಾಯಿ ಹುಣ್ಣಾದಾಗ ಖಾರ ಕಡಿಮೆ ಮಾಡಿ ಮೆತ್ತಗಿನದನ್ನು ಕೊಡಬಹುದು.

ನೋವು. "ನೋವು ತಡೆದುಕೊಳ್ಳಬೇಕು" ಎಂಬ ನಿಯಮವಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮಾರ್ಫಿನ್ ಮಾತ್ರೆಯಿಂದ ಕ್ಯಾನ್ಸರ್ ನೋವು ಹತೋಟಿಗೆ ಬರುತ್ತದೆ. ನೋವು ಶಮನದ ಚಿಕಿತ್ಸೆ, ಅಂದರೆ ಪ್ಯಾಲಿಯೇಟಿವ್ ಆರೈಕೆ, ಕೊನೆಯ ದಿನಗಳಿಗಷ್ಟೇ ಸೀಮಿತವಲ್ಲ. ಮುಖ್ಯ ಚಿಕಿತ್ಸೆಯ ಜೊತೆಗೇ ಅದನ್ನು ಶುರು ಮಾಡಬಹುದು. ಗುಣವಾಗದ ಹಂತ ತಲುಪಿದವರಿಗೆ ಬೆಂಗಳೂರಿನ ಕರುಣಾಶ್ರಯ ಹಣ ತೆಗೆದುಕೊಳ್ಳದೆ ಆರೈಕೆ ಕೊಡುತ್ತದೆ.

ಹಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75ರಷ್ಟು ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಇದು ಗೊತ್ತಿಲ್ಲದೆ ಸಾಲ ಮಾಡಿದ ಮನೆಗಳು ಎಷ್ಟೋ.

ಮನಸ್ಸು. ಭಯ, ಸಿಟ್ಟು, ನಿದ್ರೆ ಬಾರದಿರುವುದು ರೋಗಿಗೆ ಮಾತ್ರವಲ್ಲ, ರಾತ್ರಿಯೆಲ್ಲ ಎದ್ದು ನೋಡಿಕೊಳ್ಳುವ ಹೆಂಡತಿ, ಮಗಳು, ಸೊಸೆಗೂ ಇರುತ್ತದೆ. ಅವರೂ ತರಗತಿಗೆ ಬರಬೇಕು.

"ಧೈರ್ಯವಾಗಿದ್ದರೆ ಕ್ಯಾನ್ಸರ್ ಸೋಲುತ್ತದೆ" ಎಂಬುದು ನಿಜವೇ?

ಇದು ಒಳ್ಳೆಯ ಮನಸ್ಸಿನಿಂದ ಹೇಳುವ ಮಾತು. ಆದರೆ ಇದರಿಂದ ಹಾನಿಯೂ ಇದೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಅಧ್ಯಯನದಲ್ಲಿ, ಬೆಂಬಲ ಗುಂಪಿನಲ್ಲಿ ಸೇರಿ ಮಾತಾಡಿದವರು ಹೆಚ್ಚು ಕಾಲ ಬದುಕಿದರು ಎಂದು ವರದಿ ಮಾಡಿದರು. ಜಗತ್ತಿನಾದ್ಯಂತ ಇದು ಸುದ್ದಿಯಾಯಿತು. ಆದರೆ 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಸ್ಪೀಗೆಲ್ ಅವರ ತಂಡವೇ 2007ರಲ್ಲಿ ಪ್ರಕಟಿಸಿದ ಮರು ಅಧ್ಯಯನದಲ್ಲೂ ಒಟ್ಟಾರೆ ಆಯುಷ್ಯ ಹೆಚ್ಚಲಿಲ್ಲ.

ಹಾಗಾದರೆ ಗುಂಪಿನಿಂದ ಏನೂ ಲಾಭವಿಲ್ಲವೇ? ಇದೆ. ಕೆನಡಾದ ಅದೇ ಅಧ್ಯಯನದಲ್ಲಿ ಗುಂಪಿಗೆ ಬಂದವರ ಮಾನಸಿಕ ಸಂಕಟ ಮತ್ತು ನೋವಿನ ಅನುಭವ ಉಳಿದವರಿಗಿಂತ ಕಡಿಮೆಯಿತ್ತು. ಎಂದರೆ ಇಂಥ ಗುಂಪು ಇರುವ ದಿನಗಳನ್ನು ಹಗುರ ಮಾಡುತ್ತದೆ. ಅಷ್ಟಕ್ಕೇ ಅದು ಅಮೂಲ್ಯ.

ಈ ವ್ಯತ್ಯಾಸ ಏಕೆ ಮುಖ್ಯ? ರೋಗ ಹೆಚ್ಚಾದಾಗ "ನೀನು ಧೈರ್ಯ ತಂದುಕೊಳ್ಳಲಿಲ್ಲ" ಎಂಬ ಆರೋಪ ರೋಗಿಯ ತಲೆಗೆ ಬರಬಾರದು. ಅಳು ಬಂದರೆ ಅಳಲಿ. ಅತ್ತ ಮಾತ್ರಕ್ಕೆ ಗೆಡ್ಡೆ ಬೆಳೆಯುವುದಿಲ್ಲ.

ತರಗತಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಅಂಟುತ್ತದೆಯೇ?
ಇಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಬಟ್ಟೆ ಮುಟ್ಟುವುದರಿಂದ, ತಬ್ಬಿಕೊಳ್ಳುವುದರಿಂದ ಬರುವುದಿಲ್ಲ. ಎಚ್‌ಪಿವಿಯಂಥ ಕೆಲವು ವೈರಸ್‌ಗಳು ಹರಡಬಹುದು, ಆದರೆ ಕ್ಯಾನ್ಸರ್ ಗೆಡ್ಡೆ ಹರಡುವುದಿಲ್ಲ. ರೋಗಿಗೆ ಬೇರೆ ಲೋಟ, ಬೇರೆ ಮೂಲೆ ಮಾಡುವುದು ಅನ್ಯಾಯ.

ಬಯಾಪ್ಸಿ ಮಾಡಿದರೆ, ಕತ್ತರಿ ತಾಗಿದರೆ ಹರಡುತ್ತದೆಯೇ?
ಈ ಭಯದಿಂದ ಪರೀಕ್ಷೆ ಮುಂದೂಡುವುದು ಸರಿಯಲ್ಲ. ವೈದ್ಯರು ಕ್ರಮಬದ್ಧವಾಗಿ ಮಾಡುವ ಬಯಾಪ್ಸಿಯಿಂದ ಹರಡುವ ಸಾಧ್ಯತೆ ಅತ್ಯಂತ ಅಪರೂಪ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಿ ಎಂದು ತೀರ್ಮಾನಿಸಲು ಆಗುವುದಿಲ್ಲ.

ಸಕ್ಕರೆ ಬಿಟ್ಟರೆ ಗೆಡ್ಡೆ ಸಾಯುತ್ತದೆಯೇ?
ಇಲ್ಲ. ದೇಹದ ಎಲ್ಲ ಜೀವಕೋಶಗಳೂ ಗ್ಲೂಕೋಸ್ ಬಳಸುತ್ತವೆ. ಸಕ್ಕರೆ ಬಿಟ್ಟರೂ ದೇಹ ಅನ್ನ, ರಾಗಿಯಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಸಕ್ಕರೆ ಮಿತವಾಗಿರಲಿ, ಆದರೆ ರೋಗಿಯನ್ನು ಉಪವಾಸ ಕೆಡವಬೇಡಿ.

ಲಕ್ಷ್ಮಣಫಲ, ಬಿಸಿ ನಿಂಬೆನೀರು, ಗೋಮೂತ್ರದಿಂದ ವಾಸಿಯಾಗುತ್ತದೆಯೇ?
ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಜೀವಕೋಶವನ್ನು ಕೊಲ್ಲುವ ವಸ್ತುಗಳು ಬಹಳ ಇವೆ. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿ ಮಾಡುತ್ತವೆ ಎಂಬುದಕ್ಕೆ ಇವು ಯಾವುದಕ್ಕೂ ಪುರಾವೆ ಇಲ್ಲ. ಗುಣವಾಗಬಹುದಾದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡವರ ಬಗ್ಗೆ ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಸಾವಿನ ಅಪಾಯ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ಯೋಗ, ಪ್ರಾರ್ಥನೆ, ನಡಿಗೆ ಚಿಕಿತ್ಸೆಯ ಜೊತೆಗೆ ಇರಬಹುದು, ಚಿಕಿತ್ಸೆಯ ಬದಲಿಗೆ ಅಲ್ಲ. ಕಷಾಯ, ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಮುಚ್ಚಿಡಬೇಡಿ, ಕೆಲವು ವಸ್ತುಗಳು ಕೀಮೋ ಔಷಧಿಯ ಜೊತೆ ತೊಂದರೆ ಕೊಡಬಹುದು.

ನಕಲಿ ತರಗತಿಯನ್ನು ಗುರುತಿಸುವುದು ಹೇಗೆ?

ಉಚಿತ ಎಂದು ಕರೆದು ಬೇರೇನೋ ನಡೆಸುವವರೂ ಇದ್ದಾರೆ. ಈ ಕೆಳಗಿನ ಯಾವುದಾದರೂ ಕಂಡರೆ ಎದ್ದು ಬನ್ನಿ.

• "ನೂರಕ್ಕೆ ನೂರು ವಾಸಿ" ಎಂಬ ಭರವಸೆ. ಕ್ಯಾನ್ಸರ್ ವಾಸಿ ಮಾಡುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.
• ಕೊನೆಯಲ್ಲಿ ಪುಡಿ, ಜ್ಯೂಸ್, ನೀರಿನ ಯಂತ್ರ, ಹಾಸಿಗೆ ಮಾರಾಟ.
• "ಕೀಮೋ ನಿಲ್ಲಿಸಿ, ನಮ್ಮದನ್ನು ಶುರು ಮಾಡಿ" ಎಂಬ ಸಲಹೆ.
• ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ ಎಂಬ ಪ್ಯಾಕೇಜ್. ಸಿಇಎ, ಸಿಎ 125 ಮುಂತಾದ ಟ್ಯೂಮರ್ ಮಾರ್ಕರ್‌ಗಳು ಬೇರೆ ಕಾರಣಕ್ಕೂ ಏರುತ್ತವೆ, ಕ್ಯಾನ್ಸರ್ ಇದ್ದರೂ ಕೆಲವೊಮ್ಮೆ ಏರುವುದಿಲ್ಲ. ಆರೋಗ್ಯವಂತರ ತಪಾಸಣೆಗೆ ಅವನ್ನು ಶಿಫಾರಸು ಮಾಡುವುದಿಲ್ಲ.
• ಹೆಸರು ನೋಂದಣಿಗೆ ಒಟಿಪಿ, ಬ್ಯಾಂಕ್ ವಿವರ ಕೇಳುವುದು.
• ಮಹಿಳೆಯರ ಪರೀಕ್ಷೆಗೆ ಮರೆ ಇಲ್ಲದಿರುವುದು, ಮಹಿಳಾ ಸಿಬ್ಬಂದಿ ಇಲ್ಲದಿರುವುದು.

ಒಳ್ಳೆಯ ತರಗತಿಯ ಗುರುತು ಇದಕ್ಕೆ ವಿರುದ್ಧ. ನಡೆಸುವವರ ಹೆಸರು, ಸಂಸ್ಥೆ ಸ್ಪಷ್ಟವಾಗಿರುತ್ತದೆ. ತಪಾಸಣೆಯ ಫಲಿತಾಂಶವನ್ನು ಬರೆದು ಕೊಡುತ್ತಾರೆ. ಅನುಮಾನ ಬಂದವರನ್ನು ಯಾವ ಆಸ್ಪತ್ರೆಗೆ ಕಳಿಸುತ್ತೇವೆ ಎಂದು ಹೇಳುತ್ತಾರೆ. "ಗೊತ್ತಿಲ್ಲ, ವೈದ್ಯರನ್ನೇ ಕೇಳಿ" ಎಂದು ಹೇಳಲು ಹಿಂಜರಿಯುವುದಿಲ್ಲ.

ನಮ್ಮ ಊರಲ್ಲಿ ತರಗತಿ ಇಲ್ಲದಿದ್ದರೆ?

ಮೊದಲು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳಲ್ಲಿ ನಮ್ಮ ಕ್ಲಿನಿಕ್ ಎಲ್ಲೆಲ್ಲಿ ತಪಾಸಣೆ ಇದೆ, ಯಾವ ದಿನ ಎಂಬುದು ಅವರಿಗೆ ಗೊತ್ತಿರುತ್ತದೆ. ನಿಮ್ಮ ಸಂಘ, ಮಹಿಳಾ ಮಂಡಳಿ ಅಥವಾ ಅಪಾರ್ಟ್‌ಮೆಂಟಿನಲ್ಲಿ ಮೂವತ್ತು ಜನ ಸೇರುವುದಾದರೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಮನವಿ ಬರೆದು ಕೊಡಿ. ನೀವೇ ತರಗತಿ ಏರ್ಪಡಿಸಬಹುದು.

ಫೋನಿನಲ್ಲೇ ಸಹಾಯ ಬೇಕಿದ್ದರೆ:
• ಆರೋಗ್ಯ ಸಹಾಯವಾಣಿ: 104
• ತಂಬಾಕು ಬಿಡಲು ಉಚಿತ ಸಲಹೆ: 1800 11 2356
• ಮಾನಸಿಕ ಬೆಂಬಲಕ್ಕೆ ಟೆಲಿ ಮಾನಸ್: 14416

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

"30 ವರ್ಷ ದಾಟಿದ ಎಲ್ಲರೂ ಬಾಯಿ ತಪಾಸಣೆ ಮಾಡಿಸಿ. ಮಹಿಳೆಯರು ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನೂ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಮೂರು ವಾರವಾದರೂ ವಾಸಿಯಾಗದ ಹುಣ್ಣು, ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾಯಬೇಡಿ. ಕಷಾಯದಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಬೇಗ ಪತ್ತೆಯಾದರೆ ವಾಸಿಯಾಗುವ ಸಾಧ್ಯತೆ ಹೆಚ್ಚು. ಮಾಹಿತಿಗೆ ಆಶಾ ಕಾರ್ಯಕರ್ತೆಯನ್ನು ಕೇಳಿ ಅಥವಾ 104ಕ್ಕೆ ಕರೆ ಮಾಡಿ."

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮಗೆ ಅಥವಾ ಮನೆಯವರಿಗೆ ಮೇಲಿನ ಯಾವುದೇ ಲಕ್ಷಣ ಇದ್ದರೆ ವೈದ್ಯರನ್ನು ಕಾಣಿ.